ಹೆಸರಿಗೆ ವಿಷ ಹಾಕಿದ ಮಳೆಗಾಲ

ಒಂದು ಹೆಸರಿಗೆ ವಿಷ ಹಾಕುವುದು ಹೇಗೆ, ಗೊತ್ತೇನು ನಿಮಗೆ? ಇಲಿಗಲ್ಲ, ಹತ್ತಿಯ ಹುಳಕ್ಕಲ್ಲ, ಬರೀ ಹೆಸರಿಗೆ. ಗೊತ್ತಿಲ್ಲ ತಾನೆ? ಕನ್ನೊಳ್ಳಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೇ ಪಾಟಿ ಎತ್ತಿಟ್ಟ ನನಗೆ ಗೊತ್ತು. ಹೇಳುತ್ತೇನೆ, ಆದರೆ ನಾನು ಒಂದೇ ಬೆರಳಿನಲ್ಲಿ ಬರೆಯುವವಳು. ಅವಸರ ಇದ್ದವರು ಈಗಲೇ ಎದ್ದು ಹೋಗಿ. ನಡುವೆ ಆಕಳಿಸಿದರೆ ನನಗೆ ಸಿಟ್ಟು ಬರುತ್ತದೆ.

ಫೋನಿನಲ್ಲಿ ಬರೆಯುವುದನ್ನು ಕಲಿಸಿದವಳು ಮೊಮ್ಮಗಳು ಗೌರಿ. 'ಮುದ್ದೇಬಿಹಾಳ' ಎಂದು ಬರೆಯುವುದರೊಳಗೆ ನನ್ನ ಚಹಾ ಆರಿ ಹೋಗುತ್ತಿತ್ತು. ಒತ್ತಕ್ಷರ ಸಿಗುತ್ತಿರಲಿಲ್ಲ, ಸಿಕ್ಕರೆ ದೀರ್ಘ ತಪ್ಪುತ್ತಿತ್ತು. ಅವಳು ನೋಡಿ ನೋಡಿ ಬೇಸತ್ತು, ಫೋನು ಕಸಿದುಕೊಂಡು ಒಳಗೇನೋ ಮಾಡಿ ತಿರುಗಿ ಕೊಟ್ಟಳು.

"ಆಯೀ, ಇನ್ನ ಮ್ಯಾಲೆ ಬರೇ 'ಮಬ' ಅಂತ ಒತ್ತು. ಉಳದದ್ದು ಅದ ಬರಕೋತೈತಿ."

ಒತ್ತಿದೆ. ಎರಡು ಅಕ್ಷರ ಹೋಗಿ ಇಡೀ ಮುದ್ದೇಬಿಹಾಳ ಬಂದು ಕುಳಿತಿತು. ಮುದುಕಿ ಬೆರಗಾಗುತ್ತಾಳೆ ಎಂದು ಗೌರಿ ನನ್ನ ಮುಖ ನೋಡುತ್ತಿದ್ದಳು. ನಾನು ಅಂದೆ, "ಇದು ಮ್ಯಾಕ್ರೊ ಅಲ್ಲೇನ?"

ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. "ನಿನಗ್ಯಾರ ಹೇಳಿದ್ರ ಆಯೀ ಇದನ್ನ?"

ಅಡುಗೆಮನೆಯಲ್ಲಿ ಅವಳ ಅವ್ವ ಶಶಿ ಉಪ್ಪಿನಕಾಯಿಗೆ ನಿಂಬೆ ಹೆಚ್ಚುತ್ತಿದ್ದಳು. ಹೊರ್ತಿಯ ನಿಂಬೆ, ವಾಸನೆ ಪಡಸಾಲೆ ದಾಟಿ ಬಾಗಿಲಿಗೆ ಬರುತ್ತಿತ್ತು. ಆ ವಾಸನೆ ಒಂದು ಕಡೆಯಿಂದ, ಈ ಎರಡು ಅಕ್ಷರ ಒಂದು ಕಡೆಯಿಂದ ಬಂದು ನನ್ನನ್ನು ಎತ್ತಿಕೊಂಡು ಹೋದವು. ಗೌರಿ ಹುಟ್ಟುವ ಮೊದಲಿನ ಒಂದು ಮಳೆಗಾಲಕ್ಕೆ.

ಆ ವರ್ಷ ಯುಗಾದಿ ಆದ ಮೇಲೆ ನನ್ನ ಮಗ ಮಲ್ಲಿಕಾರ್ಜುನ ಹೋದ. ಬಸವನ ಬಾಗೇವಾಡಿಯಿಂದ ಬೈಕಿನ ಮೇಲೆ ಬರುತ್ತಿದ್ದ, ಮನೆಗೆ ಬರಲಿಲ್ಲ. ಇಷ್ಟು ಹೇಳಿದರೆ ಸಾಕು. ಇದಕ್ಕಿಂತ ಹೆಚ್ಚು ಆಗಲೂ ನನ್ನ ತಲೆಯೊಳಗೆ ಹೋಗಿರಲಿಲ್ಲ.

ಮನೆಯಲ್ಲಿ ಉಳಿದವರು ಇಬ್ಬರು. ಮಗ ಸಣ್ಣವನಿದ್ದಾಗಲೇ ಗಂಡನನ್ನು ಕಳೆದುಕೊಂಡಿದ್ದ ನಾನು, ಮತ್ತು ಮದುವೆಯಾಗಿ ಇನ್ನೂ ಹೊಸ ಸೀರೆಗಳ ಗಂಜಿ ಬಿಟ್ಟಿರದ ಸೊಸೆ ಶಶಿಕಲಾ. ಅವಳಿಗೆ ಮಕ್ಕಳಿರಲಿಲ್ಲ. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಮಲ್ಲು ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅವನು ಹೋದ ಮೇಲೆ ಕ್ಲಾಸಿನ ಬಾಗಿಲು ಮುಚ್ಚಿತು. ಒಂದು ಕಂಪ್ಯೂಟರು, ಕಿರಗುಟ್ಟುವ ಒಂದು ಪ್ರಿಂಟರು ಮನೆಗೆ ಬಂದವು.

ನಾವಿಬ್ಬರೂ ಅಳಲಿಲ್ಲ. ಬಂದವರು ಅತ್ತರು. ಕನ್ನೊಳ್ಳಿಯಿಂದ ನನ್ನ ತವರಿನವರು ಬಂದು ಅತ್ತರು, ಹೊರ್ತಿಯಿಂದ ಅವಳ ತವರಿನವರು ಬಂದು ಅತ್ತರು. ನಾವು ಅವರಿಗೆ ನೀರು ಕೊಟ್ಟೆವು. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಹಾಕುತ್ತಾರಲ್ಲ, ಆಮೇಲೆ ದವಡೆ ನಮ್ಮದೇ ಆದರೂ ಯಾರದೋ ಅನ್ನಿಸುತ್ತದೆ, ಒಳಗಿನಿಂದ ಕಚ್ಚಿಕೊಂಡರೂ ತಿಳಿಯುವುದಿಲ್ಲ. ನನ್ನ ಇಡೀ ಮೈ ಹಾಗಿತ್ತು. ಒಂದು ದಿನ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತೆ. ಶಶಿ ಉಂಡಳು, ನಾನೂ ಉಂಡೆ. ಮರುದಿನ ಉಳಿದದ್ದನ್ನು ಎಮ್ಮೆಗೆ ಇಡಲು ಒಯ್ದಾಗ ಪಕ್ಕದ ಮನೆಯ ನೀಲವ್ವ ಬಾಯಿಗಿಟ್ಟು ನೋಡಿ, "ಅಯ್ಯ, ಉಪ್ಪ ಇಲ್ಲಲ್ಲ ಇದಕ್ಕ" ಅಂದಾಗಲೇ ಗೊತ್ತಾದದ್ದು.

ಊರಿನವರಿಗೂ ಒಂದು ತೊಡಕಾಯಿತು. ನನ್ನನ್ನು ಏನೆಂದು ಕರೆಯಬೇಕು? ಅಲ್ಲಿಯವರೆಗೆ ಇಡೀ ಓಣಿಗೆ ನಾನು 'ಮಲ್ಲೂನ ಅವ್ವ'. ನನಗೂ ಒಂದು ಸ್ವಂತ ಹೆಸರಿದೆ ಎಂದು ರೇಷನ್ ಕಾರ್ಡಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗಿರಣಿಯ ಈರಪ್ಪ ಹಿಟ್ಟು ಬೀಸಿ ಆದ ಕೂಡಲೇ ಬೀದಿಗೆ ಕೇಳುವಂತೆ ಒದರುತ್ತಿದ್ದ, "ಮಲ್ಲೂನ ಅವ್ವಾ, ಹಿಟ್ಟ ಆತು, ಒಯ್ರಿ!" ಈಗ ಅವನು ಡಬ್ಬಿಯ ಮೇಲೆ ಬಟ್ಟಲಿನಿಂದ ಟಣ್ ಟಣ್ ಬಡಿಯುತ್ತಿದ್ದ. ನಾನು ತಿರುಗಿ ನೋಡಿದರೆ ಹಿಟ್ಟಿನ ಕಡೆ ಕೈ ತೋರಿಸಿ ಸುಮ್ಮನಾಗುತ್ತಿದ್ದ. ಕೆಟ್ಟವನಲ್ಲ. ಬಾಯಿಗೆ ಬಂದ ಹೆಸರನ್ನು ನುಂಗುತ್ತಿದ್ದ, ಅಷ್ಟೇ.

ಶಶಿಯ ಅಣ್ಣ ಶಂಕರಗೌಡ ಹೊರ್ತಿಯಲ್ಲಿ ನಿಂಬೆ ತೋಟ ಮಾಡುವವನು. ಸಾವಿಗೆ ಬಂದಾಗಲೇ ಹೇಳಿ ಹೋಗಿದ್ದ.

"ಮಳಿಗಾಲ ಒಂದು ಮುಗೀಲಿ. ಹಸ್ತದ ಮಳಿ ಆದ ಮ್ಯಾಲ ಬಂದು ತಂಗೀನ ಕರಕೊಂಡ ಹೋಗ್ತೇನ್ರಿ. ಇಲ್ಲೇನೈತಿ ಇನ್ನ ಆಕಿಗಿ?"

ನಾನು ತಲೆ ಅಲ್ಲಾಡಿಸಿದೆ. ತಪ್ಪೇನಿತ್ತು ಅವನ ಮಾತಿನಲ್ಲಿ? ಹೊರ್ತಿಗೆ ಹೋದರೆ ಅವಳ ನೌಕರಿ ಹೋಗುತ್ತದೆ, ಅಣ್ಣನ ಮಕ್ಕಳಿಗೆ ಅಭ್ಯಾಸ ಹೇಳಿಕೊಂಡು ತೋಟದ ಮನೆಯಲ್ಲಿ ಇರಬೇಕಾಗುತ್ತದೆ. ಹೋಗದಿದ್ದರೆ ಇಲ್ಲಿ ಈ ಮುದುಕಿ. ನನಗೆ ಅವಳು ಬೇಕಾಗಿದ್ದಳು. ಆದರೆ ಇರು ಅನ್ನಲು ನಾನು ಅವಳಿಗೆ ಏನು? ಅವಳು ನನಗೆ ಸೊಸೆಯಾದದ್ದು ಒಬ್ಬನ ದೆಸೆಯಿಂದ. ಅವನೇ ಇಲ್ಲ. ಶಶಿ ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಳೆಗಾಲದ ಮೊದಲ ಮಳೆ ಮಿರಗ ಬಂತು. ಬಾಗಿಲಲ್ಲಿ ಎರೆಮಣ್ಣು ಚಪ್ಪಲಿಗೆ ಹತ್ತಿ ಕಾಲು ಎತ್ತುವುದೇ ಭಾರ. ಶಶಿ ಕಾಲೇಜಿನಿಂದ ಬಂದವಳೇ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವುದಕ್ಕೆ ಶುರುಮಾಡಿದಳು. ಮಲ್ಲು ಅರ್ಧ ಮಾಡಿ ಬಿಟ್ಟ ಕೆಲಸವಂತೆ ಅದು. ಅವನಿದ್ದಾಗ ನಾನು ಆ ಕೆಲಸಕ್ಕೆ ಬೈಯುತ್ತಿದ್ದೆ. ಪರದೇಶದವರು, ನಮ್ಮ ದೇಶದವರು ಎಲ್ಲ ಸೇರಿ ಪುಕ್ಕಟೆಯಾಗಿ ಕೂಡಿ ಕಟ್ಟುವ ಏನೋ ಒಂದು. "ಊರ ಉಸಾಬರಿ ನಿನಗ್ಯಾಕೊ" ಅಂದರೆ ಅವನು ಅನ್ನುತ್ತಿದ್ದ, "ನೀ ಓಣಿ ಮಂದಿ ಜೋಳ ಎಲ್ಲಾ ಹಸನ ಮಾಡಿ ಕೊಡ್ತಿ, ಯಾರ ಹತ್ರ ರೊಕ್ಕ ತಗೊಂಡಿ, ಅವ್ವಾ?"

ಒಂದು ದಿನ ಮಳೆ ಜೋರಿತ್ತು, ಹೊರಗೆ ಹೋಗುವ ಹಾಗಿರಲಿಲ್ಲ. ನಾನು ಅವಳ ಹಿಂದೆ ನಿಂತು ಕೇಳಿದೆ, "ಏನ ಮಾಡ್ತೀಯವಾ ದಿನಾ ಇದರಾಗ?"

ಶಶಿ ತಿರುಗದೆಯೇ ಹೇಳಿದಳು, "ಮ್ಯಾಕ್ರೊ ಹಸನ ಮಾಡಾಕತ್ತೇನ್ರಿ ಅತ್ತಿ."

"ಅಂದ್ರ?"

ಬಹಳ ದಿನದ ಮೇಲೆ ಯಾರೋ ಅವಳಿಗೆ 'ಹೆಂಗದಿ' ಎಂದು ಕೇಳದೆ ಬೇರೆ ಏನನ್ನೋ ಕೇಳಿದ್ದರು ಅನ್ನಿಸುತ್ತದೆ. ಕುರ್ಚಿ ತಿರುಗಿಸಿಕೊಂಡು ಕುಳಿತಳು. ಕಂಪೈಲರ್ ಅಂದರೆ ಗಿರಣಿ ಇದ್ದ ಹಾಗೆ ಎಂದಳು. ಮನುಷ್ಯರು ಬರೆದದ್ದನ್ನು ಹಾಕಿದರೆ ಯಂತ್ರಕ್ಕೆ ಜೀರ್ಣವಾಗುವ ಹಿಟ್ಟು ಮಾಡಿ ಕೊಡುತ್ತದೆ. ಆದರೆ ಗಿರಣಿಗೆ ಹಾಕುವ ಮೊದಲು ಜೋಳ ಹಸನು ಮಾಡಲು ಒಬ್ಬಳು ಬೇಕಲ್ಲ, ಹಾಗೆ ಅಲ್ಲಿಯೂ ಒಬ್ಬ ಕುಳಿತಿರುತ್ತಾನೆ. ಅವನ ಕೆಲಸ ಒಂದೇ. ಮೇಲೆ ಒಂದು ಕಡೆ 'ಇಂಥ ಹೆಸರು ಬಂದಲ್ಲಿ ಇಂಥದ್ದು ಇಡು' ಎಂದು ಬರೆದಿರುತ್ತಾರೆ. ಅವನು ಓದುತ್ತ ಹೋಗಿ ಹೆಸರು ಸಿಕ್ಕಲ್ಲೆಲ್ಲ ತೆಗೆದು ಅದರ ಅರ್ಥ ಇಡುತ್ತಾನೆ. ಆ ಹೆಸರಿಗೆ ಮ್ಯಾಕ್ರೊ ಅನ್ನುತ್ತಾರೆ.

"ಇಷ್ಟ ಹೌದಿಲ್ಲ?" ಅಂದೆ. "ನಾ 'ನಮ್ಮ ಮನಿಯವ್ರು' ಅಂತಿದ್ದೆ, ಕೇಳಿದವ್ರು ಅಲ್ಲೆ ನಿಮ್ಮ ಮಾವನ ಹೆಸರ ಇಟಗೊಂತಿದ್ರು. ಇದಕ್ಕ ಕಂಪ್ಯೂಟರ್ ಯಾಕ ಬೇಕು?"

ಶಶಿ ನನ್ನನ್ನು ನೋಡಿದಳು. ನಗಲಿಲ್ಲ. ಆದರೆ ನೋಡಿದಳು. ಅದೇ ಆ ತಿಂಗಳಿನ ದೊಡ್ಡ ಸಂಗತಿ.

ತೊಡಕು ಏನೆಂದರೆ, ಆ ಗಿರಣಿ ಹಳೆಯದು. ಎಷ್ಟೋ ವರ್ಷಗಳಿಂದ ಎಷ್ಟೋ ಕೈಗಳು ಅದರೊಳಗೆ ಹೆಸರು ಬರೆದಿಟ್ಟಿದ್ದವು. ಒಂದೇ ಹೆಸರು ಎರಡು ಕಡೆ ಬೇರೆ ಬೇರೆ ಅರ್ಥದಲ್ಲಿ ಕುಳಿತಿತ್ತು. ಕೆಲವು ಹೆಸರು ಗುಜರಿಗೆ ಹೋದ ಯಂತ್ರಗಳವು. ಕೆಲವನ್ನು ಮೇಲೆ ಬರೆದಿದ್ದರೂ ಕೆಳಗೆ ಯಾರೂ ಕರೆಯುತ್ತಿರಲಿಲ್ಲ. ಅಂಥವನ್ನು ಹುಡುಕಿ, ನಿಜವಾಗಿ ಯಾರೂ ಕರೆಯುವುದಿಲ್ಲವೇ ನೋಡಿ, ತೆಗೆಯಬೇಕು.

"ತಗದ್ರ ಆತೇನು?"

"ಇಲ್ರಿ. ಹಳೇ ಚಟ ಇದ್ದವ್ರು ಮತ್ತ ತಂದ ಬರೀತಾರ. ಅದಕ್ಕ ತಗದ ಹೆಸರ ಒಂದ ಕಡೆ ಇಟ್ಟು ವಿಷ ಹಾಕ್ತೇವಿ."

"ಹೆಸರಿಗಿ ವಿಷ?"

"ಹೌದ್ರಿ. ಗಿರಣಿ ಕಟ್ಟಿದವ್ರು ಇಟ್ಟ ಶಬ್ದನ ಅದು. ಅಲ್ಲಿಂದ ಮುಂದ ಯಾರರ ಆ ಹೆಸರ ಎತ್ತಿದ್ರ ಗಿರಣಿ ಅಲ್ಲೇ ನಿಂದರತೈತಿ. ಮುಂದ ಹೋಗಾಂಗಿಲ್ಲ."

ನೋಡಿ, ಹೆಸರಿಗೆ ವಿಷ ಹಾಕುವುದು ಹೀಗೆ. ನಾನು ಸುಮ್ಮನೆ ಅಡುಗೆಮನೆಗೆ ಬಂದೆ. ನಮ್ಮ ಮನೆಯಲ್ಲೂ ಅಂಥ ಒಂದು ಹೆಸರು ಇತ್ತು. ನೀಲವ್ವ ಮಾತಾಡುತ್ತ ಮಾತಾಡುತ್ತ "ನಮ್ಮ ಮಲ್ಲು ಇದ್ದಾಗ" ಎಂದು ಬಿಟ್ಟರೆ ಅವಳ ಕೈಯ ಸೊಪ್ಪು ಕೈಯಲ್ಲೇ ನಿಲ್ಲುತ್ತಿತ್ತು, ನನ್ನ ಕೈಯ ಮೊರ ನಿಲ್ಲುತ್ತಿತ್ತು. ಯಾರೂ ಮುಂದೆ ಹೋಗುತ್ತಿರಲಿಲ್ಲ.

ಆ ಕೆಲಸಕ್ಕೆ ನಾನೂ ಸೇರಿದೆ. ನಗಬೇಡಿ. ಇಂಗ್ಲಿಷು ಬರುವುದಿಲ್ಲ ನಿಜ, ಆದರೆ ದೊಡ್ಡಕ್ಷರಗಳು ಬರುತ್ತಿದ್ದವು. ಮಲ್ಲು ಹೊಸದಾಗಿ ಕ್ಲಾಸು ತೆಗೆದಾಗ ವಿದ್ಯಾರ್ಥಿಗಳೇ ಇರಲಿಲ್ಲ. ಹೊರಗಿನವರಿಗೆ ತುಂಬಿದ ಹಾಗೆ ಕಾಣಲಿ ಎಂದು ನನ್ನನ್ನು ಒಂದು ಟೈಪ್‌ರೈಟರಿನ ಮುಂದೆ ಕೂರಿಸಿದ್ದ. ಹಾಗೆ ಕುಳಿತು ಕುಳಿತು ಗುಂಡಿಗಳ ಮೇಲಿನ ಅಕ್ಷರ ಕಲಿತಿದ್ದೆ. ಮ್ಯಾಕ್ರೊದ ಹೆಸರುಗಳನ್ನು ಪೂರ್ತಿ ದೊಡ್ಡಕ್ಷರದಲ್ಲೇ ಬರೆಯುವ ಪದ್ಧತಿಯಂತೆ. ನನ್ನ ಸಲುವಾಗಿಯೇ ಮಾಡಿದ ಹಾಗಿತ್ತು.

ಅಂಚಿನಲ್ಲಿ ತೂತು ತೂತಿರುವ ಉದ್ದನೆಯ ಕಾಗದದ ಮೇಲೆ ಪ್ರಿಂಟರು ಹೆಸರುಗಳನ್ನು ಒಂದರ ಕೆಳಗೊಂದು ಇಳಿಸುತ್ತಿತ್ತು. ನಾನು ಮೊರದಲ್ಲಿ ಜೋಳ ಇಟ್ಟುಕೊಂಡ ಹಾಗೆ ಕಾಗದ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಅಕ್ಷರ ಓದುತ್ತಿದ್ದೆ. "ಎಫ್. ಆರ್. ಎ. ಎಮ್. ಇ. ಕೆಳಗ ಒಂದು ಗೆರಿ." ಶಶಿ ಗುಂಡಿ ಒತ್ತುತ್ತಿದ್ದಳು. ಎಲ್ಲೆಲ್ಲಿ ಆ ಹೆಸರನ್ನು ಕರೆಯುತ್ತಾರೆ ಎಂದು ಕಂಪ್ಯೂಟರು ಹುಡುಕಿ ತೋರಿಸುತ್ತಿತ್ತು. "ಅದಾರ್ರಿ, ಕರಿಯವ್ರು ಅದಾರ" ಎಂದರೆ ಬಿಡುತ್ತಿದ್ದೆ. "ಯಾರೂ ಇಲ್ರಿ" ಎಂದರೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಮೊದಮೊದಲು ಗೆರೆ ಎಳೆಯುವಾಗ ಕೈ ತಡೆಯುತ್ತಿತ್ತು, ಆಮೇಲೆ ಅದೂ ಇಲ್ಲ. ಕಲ್ಲು ಬೇರೆ, ಜೋಳ ಬೇರೆ. ಯಾರೂ ಕರೆಯದ ಹೆಸರನ್ನು ಇಟ್ಟುಕೊಂಡು ಏನು ಮಾಡುವುದು?

ಲೈಟು ಹೋಗುತ್ತಿತ್ತು. ಹೋದರೆ ಇಬ್ಬರೂ ಹಾಗೆಯೇ ಕುಳಿತಿರುತ್ತಿದ್ದೆವು, ಕಂಪ್ಯೂಟರಿನ ಗಾಜಿನಲ್ಲಿ ಬಾಗಿಲ ಬೆಳಕು ನೋಡುತ್ತ. ಬಂದರೆ ಮತ್ತೆ ಎಫ್, ಆರ್, ಎ. ಆ ಮಳೆಗಾಲದಲ್ಲಿ ನಮ್ಮಿಬ್ಬರ ನಡುವೆ ಅಕ್ಷರಗಳು ಹೋದಷ್ಟು ಮಾತು ಹೋಗಲಿಲ್ಲ. ಅದೇ ಚೆನ್ನಾಗಿತ್ತು ಅನ್ನಿಸುತ್ತದೆ. ಅಕ್ಷರಕ್ಕೆ ಏನೂ ನೋಯುವುದಿಲ್ಲ.

ಶಶಿ ಅವನ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಅವನಿದ್ದಾಗಲೂ ಎತ್ತಿದವಳಲ್ಲ. ಓದಿದ ಹುಡುಗಿಯಾದರೂ ಮದುವೆಯಾದ ಮರುದಿನವೇ ನನ್ನ ರೀತಿ ಹಿಡಿದಿದ್ದಳು, 'ನಿಮ್ಮ ಮಗ' ಅನ್ನುತ್ತಿದ್ದಳು. ಈಗ ಅದೂ ನಿಂತಿತ್ತು. ಅವನ ಫೋಟೊದ ಕಡೆ ನೋಡುತ್ತಿರಲಿಲ್ಲ. ನಾನು ಒಳಗೊಳಗೇ ಲೆಕ್ಕ ಹಾಕಿದೆ, ಸಣ್ಣ ವಯಸ್ಸು, ಮರೆಯುತ್ತಿದ್ದಾಳೆ, ಮರೆಯಲಿ. ಹೊರ್ತಿಗೆ ಹೋಗುವುದು ಅವಳಿಗೆ ಸುಲಭವಾಗುತ್ತದೆ.

ಮಘೆ ಮಳೆ ಹೋಯಿತು, ಹುಬ್ಬೆ ಹೋಯಿತು. ಉತ್ತರೆಯ ಹೊತ್ತಿಗೆ ಕೆಲಸ ಮುಗಿಯಿತು. ತೆಗೆದ ಹೆಸರುಗಳಿಗೆಲ್ಲ ವಿಷ ಹಾಕಿದ್ದಾಯಿತು, ಫೋನಿನ ತಂತಿಗೆ ಸಿಕ್ಕಿಸಿದ ಮೋಡೆಮ್ ಡಬ್ಬಿ ಕಿರಗುಟ್ಟಿಕೊಂಡು ಎಲ್ಲವನ್ನೂ ಪರದೇಶಕ್ಕೆ ಕಳಿಸಿತು. ಮಲ್ಲುವಿನ ಹೆಸರಿನ ಈ-ಮೇಲಿನಿಂದಲೇ ಕಳಿಸಿದಳು. ಅವನಿಲ್ಲ ಎಂದು ಅಲ್ಲಿಯವರಿಗೆ ಅವಳು ಬರೆದಿರಲಿಲ್ಲ. ಬರೆಯಲು ಕೂತಿದ್ದಳಂತೆ, ಆಗಲಿಲ್ಲವಂತೆ.

"ಮುಗೀತ್ರಿ ಅತ್ತಿ" ಅಂದಳು. ಕುರ್ಚಿಯನ್ನು ಗೋಡೆಗೆ ಸರಿಸಿದಳು. ಮರುದಿನದಿಂದ ಕಾಲೇಜಿನಿಂದ ಬಂದವಳಿಗೆ ಕುಳಿತುಕೊಳ್ಳಲು ಜಾಗವೇ ಇಲ್ಲದ ಹಾಗೆ ನಿಂತಿರುತ್ತಿದ್ದಳು.

ಹಸ್ತದ ಮಳೆ ಇನ್ನೂ ಮುಗಿದಿರಲಿಲ್ಲ, ಒಂದು ಐತವಾರ ಶಂಕರಗೌಡ ಜೀಪು ತೆಗೆದುಕೊಂಡು ಬಂದ. ಒಂದು ಚೀಲ ನಿಂಬೆಹಣ್ಣು ಇಳಿಸಿದ. ಪಡಸಾಲೆ ತುಂಬ ಆ ವಾಸನೆ. ಚಹಾ ಕುಡಿದು, ಕರವಸ್ತ್ರದಿಂದ ಮೀಸೆ ಒರೆಸಿಕೊಂಡು ಅಂದ:

"ನಡೀವಾ ತಂಗಿ. ಬಟ್ಟಿ ಬರಿ ತುಂಬಕೋ."

ಶಶಿ ಗೋಡೆಗೆ ಒರಗಿ ನಿಂತಿದ್ದಳು.

ಅವನು ನನ್ನ ಕಡೆ ತಿರುಗಿದ. ಒಳ್ಳೆಯ ಮಾತಿನಲ್ಲೇ ಕೇಳಿದ, ಸಿಟ್ಟಿನಿಂದಲ್ಲ. "ನೀವ ಹೇಳ್ರಿ. ಸಿಟ್ಟಾಗಬ್ಯಾಡ್ರಿ, ಇದ್ದದ್ದ ಹೇಳ್ತೇನಿ. ಇಷ್ಟ ತಿಂಗಳಾತು, ಆಕಿ ಅವರ ಹೆಸರ ಒಮ್ಮೆರ ಎತ್ಯಾಳೇನು? ಮರೀಬೇಕಂತ ಐತಿ ಆಕಿಗಿ. ಮರೀಲಿ ಬಿಡ್ರಿ. ಇನ್ನ ಇಲ್ಲಿ ಇರಾಕ, ನೀವು ಆಕಿಗಿ ಏನಾಗಬೇಕು?"

ಇದೇ ಪ್ರಶ್ನೆಯನ್ನು ನಾನು ಮಳೆಗಾಲವಿಡೀ ಜೋಳದ ಜೊತೆ ಕೇರಿದ್ದೆ. "ಕರಕೊಂಡ ಹೋಗ್ರಿ" ಅಂದೆ. ನನ್ನ ದನಿ ಚೆನ್ನಾಗಿಯೇ ಬಂತು. ಹೇಳಿದೆನಲ್ಲ, ದವಡೆ ಯಾರದೋ ಆಗಿತ್ತು.

ಶಶಿ ಒಳಗೆ ಹೋದಳು. ಟ್ರಂಕಿನ ಸಪ್ಪಳ ಕೇಳಲಿಲ್ಲ, ಮೋಡೆಮ್ ಡಬ್ಬಿ ಕಿರಗುಟ್ಟುವುದು ಕೇಳಿತು. ಹೋಗುವ ಮೊದಲು ಕಡೆಯ ಸಲ ಟಪಾಲು ನೋಡುತ್ತಿದ್ದಾಳೆ ಅಂದುಕೊಂಡೆ. ಬಹಳ ಹೊತ್ತಾಯಿತು. ನಾನು ಎದ್ದು ಹೋದೆ, ಹಿಂದೆಯೇ ಶಂಕರಗೌಡನೂ ಬಂದು ಬಾಗಿಲಲ್ಲಿ ನಿಂತ.

"ಏನ ಬಂದೈತಿ?" ಎಂದು ಕೇಳಿದೆ.

"ಯಾರೋ ವಯಸ್ಸಾದವ್ರು ಬರದಾರ್ರಿ. ಚಳಿ ದೇಶದವ್ರು. ಒಂದ ಹಳೇ ಯಂತ್ರ ಇಟ್ಕೊಂಡಾರಂತ. ನಾವು ತಗದ ಮ್ಯಾಲ ಅದು ನಿಂತೈತಂತ."

"ಓದು ನೋಡೂಣು. ಕನ್ನಡದಾಗ ಓದು."

ಅವಳು ಗಾಜಿನ ಮೇಲೆ ಬೆರಳಿಟ್ಟು ಓದಿದಳು. ಕಾಲೇಜಿನಲ್ಲಿ ಪಾಠ ಓದುವ ದನಿಯಲ್ಲಿ ಓದಿದಳು.

"ಪ್ರೀತಿಯ ಮಲ್ಲಿಕಾರ್ಜುನ..."

ನಿಲ್ಲುತ್ತಾಳೆ ಅಂದುಕೊಂಡೆ. ಗಿರಣಿ ನಿಲ್ಲುತ್ತದೆ ಅಂದುಕೊಂಡೆ. ಅವಳ ಬೆರಳು ಒಂದು ಗಳಿಗೆ ಅಲ್ಲೇ ಇತ್ತು, ಆಮೇಲೆ ಮುಂದಿನ ಸಾಲಿಗೆ ಹೋಯಿತು.

"...ನಿಮ್ಮ ಕೆಲಸ ಅಚ್ಚುಕಟ್ಟಾಗಿದೆ. ಆದರೆ ನೀವು ತೆಗೆದ ಒಂದು ಹೆಸರನ್ನು ನನ್ನ ಯಂತ್ರ ಇನ್ನೂ ಕರೆಯುತ್ತಿದೆ."

ಶಂಕರಗೌಡ ಬಾಗಿಲಲ್ಲಿ ಕಾಲು ಬದಲಿಸಿದ.

"ಹೆಂಗ?" ಅಂದೆ ನಾನು. "ಯಾರೂ ಇಲ್ಲಂತ ನೀನ ಹೇಳಿದ್ದಿಯಲ್ಲ. ನಾನ ಗೆರಿ ಎಳದೇನಿ."

"ನಂದ ತಪ್ಪ್ರಿ ಅತ್ತಿ. ನಾ ಪೂರ್ತಿ ಹೆಸರ ಹುಡುಕಿದ್ನಿ. ಆ ಯಂತ್ರದವ್ರು ಅದನ್ನ ಪೂರ್ತಿ ಎಲ್ಲೂ ಬರದಿಲ್ಲ. ಒಂದ ತುಂಡ ಒಂದ ಕಡೆ ಇಟ್ಟಾರ, ಇನ್ನೊಂದ ತುಂಡ ಇನ್ನೊಂದ ಕಡೆ. ಕರಿಯೂ ಹೊತ್ತಿಗಷ್ಟ ಎರಡೂ ಕೂಡಸ್ತಾರ. ಹಂಗ ಇದ್ರ ಹುಡುಕಿದ್ರ ಸಿಗಂಗಿಲ್ರಿ. ಯಾರೂ ಕರಿಯಾಂಗಿಲ್ಲ ಅಂತನ ಕಾಣತೈತಿ."

ನಾನು ಅಲ್ಲೇ ಇದ್ದ ಹಾಸಿಗೆಯ ಸುರುಳಿಯ ಮೇಲೆ ಕುಳಿತುಬಿಟ್ಟೆ.

ನನ್ನ ಗಂಡ ಬದುಕಿರುವವರೆಗೂ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಬಳೆ ಸಪ್ಪಳ ಮಾಡಿದೆ, ತಂಬಿಗೆ ಕುಕ್ಕಿದೆ, 'ಕೇಳಿಸ್ತೇನ್ರಿ' ಎಂದೆ, ಎಮ್ಮೆಗೆ ಬೈದ ಹಾಗೆ ಮಾಡಿ ಅವರಿಗೆ ಹೇಳಿದೆ. ಯಾರಾದರೂ ಬಂದು ಈ ಮನೆಯಲ್ಲಿ ಅವರ ಹೆಸರನ್ನು ಹುಡುಕಿದ್ದರೆ 'ಯಾರೂ ಇಲ್ಲ' ಎಂದು ಪೆನ್ಸಿಲಿನಿಂದ ಗೆರೆ ಎಳೆದು ಹೋಗುತ್ತಿದ್ದರು. ನಾನು ಕರೆಯದ ಗಳಿಗೆ ಯಾವುದಿತ್ತು?

ಆಗ ಶಶಿಯ ತುಂಡುಗಳು ನನಗೆ ಕಾಣಲು ಶುರುವಾದವು. ಎಲ್ಲವನ್ನೂ ದಿನಾ ನೋಡಿದ್ದೆ, ಒಂದಕ್ಕೊಂದು ಕೂಡಿಸಿರಲಿಲ್ಲ. ಕಾಲೇಜಿನಿಂದ ಬಂದು ತನ್ನ ಸಣ್ಣ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದಳು, ಪಕ್ಕದಲ್ಲಿ ಒಂದು ಬೈಕು ನಿಲ್ಲುವಷ್ಟು ಜಾಗ ಬಿಟ್ಟು. ಶೇಂಗಾ ಚಟ್ನಿಗೆ ಬಳ್ಳೊಳ್ಳಿ ಹಾಕುತ್ತಿರಲಿಲ್ಲ. ಬಳ್ಳೊಳ್ಳಿ ಆಗದವನು ಅವನು, ನಮಗಿಬ್ಬರಿಗೂ ಅದು ಬೇಕು. ಗೂಟಗಳಲ್ಲಿ ಬಾಗಿಲ ಹತ್ತಿರದ್ದೊಂದಕ್ಕೆ ಏನನ್ನೂ ತೂಗುಹಾಕುತ್ತಿರಲಿಲ್ಲ, ಒದ್ದೆ ಛತ್ರಿ ನೆಲಕ್ಕೆ ಇಡುತ್ತಿದ್ದಳು. ಒಂದೊಂದೇ ನೋಡಿದರೆ ಏನೂ ಅಲ್ಲ. ಕೂಡಿಸಿದರೆ ಅವನ ಹೆಸರು.

ಶಂಕರಗೌಡ ಮೆಲ್ಲನೆ ಕೇಳಿದ, "ಈಗೇನ ಮಾಡ್ಬೇಕಂತಿ ತಂಗಿ?"

"ತಗದದ್ದನ್ನ ತಿರುಗಿ ಇಡಬೇಕಣ್ಣಾ. ವಿಷ ಹಾಕಿದ್ದನ್ನ ತಗೀಬೇಕು."

"ಇವತ್ತ ಆಗತೈತೇನು?"

"ಇದೊಂದು ಇವತ್ತ ಆಗತೈತಿ. ಆದ್ರ ನಾ 'ಯಾರೂ ಇಲ್ಲ' ಅಂದದ್ದು ಇದೊಂದ ಅಲ್ಲ. ಎಲ್ಲಾ ಮತ್ತ ನೋಡಬೇಕು. ಮತ್ತ..." ಅವಳು ಕುರ್ಚಿಯನ್ನು ಗೋಡೆಯಿಂದ ಎಳೆದುಕೊಂಡಳು. "ಮತ್ತ ಅವರಿಗಿ ಬರೀಬೇಕು. ಮಲ್ಲಿಕಾರ್ಜುನ ಇಲ್ಲ, ನಾ ಬರಿಯಾಕತ್ತೇನಿ ಅಂತ. ನೀ ಹೋಗಿ ಬಾ ಅಣ್ಣಾ. ನಾ ಇಲ್ಲೇ ಇರ್ತೇನಿ. ಅತ್ತಿ ಅಕ್ಷರ ಓದಬೇಕು, ಅವರನ್ನ ಬಿಟ್ರ ಯಾರ ಓದ್ತಾರ?"

ನಾನು ಎದ್ದು ಕಾಗದದ ಸುರುಳಿ ತಂದೆ. ಇಷ್ಟೇ ಆದದ್ದು. ಯಾರೂ ತಬ್ಬಿಕೊಳ್ಳಲಿಲ್ಲ, ಯಾರೂ ಅಳಲಿಲ್ಲ. ಶಂಕರಗೌಡ "ನಿಂಬಿಹಣ್ಣ ಒಣಗ್ಸಬ್ಯಾಡ್ರಿ, ಉಪ್ಪಿನಕಾಯಿ ಹಾಕ್ರಿ" ಎಂದು ಹೇಳಿ, ಖಾಲಿ ಜೀಪು ತಿರುಗಿಸಿಕೊಂಡು ಹೋದ. ಅಂದಿನಿಂದ ವರ್ಷಾ ವರ್ಷಾ ಒಂದು ಚೀಲ ಕಳಿಸುತ್ತಾನೆ. ಒಳ್ಳೆಯ ಮನುಷ್ಯ.

ಮರುದಿನ ನಾನು ಗಿರಣಿಗೆ ಹೋದೆ. ಈರಪ್ಪ ಹಿಟ್ಟು ಬೀಸಿ ಮುಗಿಸಿ, ಬಟ್ಟಲು ಎತ್ತಿಕೊಂಡು ಡಬ್ಬಿ ಬಡಿಯಲು ಹೊರಟ.

"ಏ ಈರಪ್ಪ" ಅಂದೆ, "ಡಬ್ಬಿ ನೆಗ್ಗತೈತಿ. ಮೊದಲಿನಂಗ ಹೆಸರ ಹಿಡದ ಒದರು."

ಅವನ ಮುಖ ಹಿಟ್ಟಿನಿಂದ ಬೆಳ್ಳಗಿತ್ತು, ಕಣ್ಣು ಮಾತ್ರ ಕಾಣುತ್ತಿದ್ದವು. "ಬ್ಯಾಡ ಬಿಡ್ರಿ" ಅಂದ.

"ಒದರೋ ಮಾರಾಯಾ. ನನಗ ಬ್ಯಾರೆ ಹೆಸರಿಲ್ಲ."

ಗಿರಣಿಯ ಪಟ್ಟಾ ತಿರುಗುತ್ತಲೇ ಇತ್ತು. ಅವನು ಬೀದಿಯ ಕಡೆ ಮುಖ ಮಾಡಿ, ನಾನು ಎದುರಿಗೇ ನಿಂತಿದ್ದರೂ ನಾನೆಲ್ಲೋ ದೂರ ಇದ್ದ ಹಾಗೆ ಕೂಗಿದ. "ಮಲ್ಲೂನ ಅವ್ವಾ, ಹಿಟ್ಟ ಆತು, ಒಯ್ರಿ!"

ಡಬ್ಬಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಆಗತಾನೇ ಬೀಸಿದ ಹಿಟ್ಟು ಸುಡುತ್ತಿತ್ತು. ಸುಡುತ್ತಿದೆ ಎಂದು ನನಗೆ ಗೊತ್ತಾಯಿತು. ಮನೆಯವರೆಗೂ ಗೊತ್ತಾಗುತ್ತಲೇ ಇತ್ತು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ, ಬೆರಳು ನೋಯುತ್ತಿದೆ. ಶಶಿ ಉಳಿದಳು. ಕೆಲ ವರ್ಷಗಳ ಮೇಲೆ ಅವಳ ಕಾಲೇಜಿನಲ್ಲೇ ಗಣಿತ ಹೇಳುವ ಸಿಂದಗಿಯ ಮಹಾದೇವನನ್ನು ನಾನೇ ಚಹಾಕ್ಕೆ ಕರೆದೆ. ಒಮ್ಮೆ ಕರೆದೆ, ಮತ್ತೆ ಕರೆದೆ, ಆಮೇಲೆ ಅವನೇ ಬರತೊಡಗಿದ. ಬಂದಾಗ ಬೈಕನ್ನು ಆ ಬಿಟ್ಟ ಜಾಗದಲ್ಲಿ ನಿಲ್ಲಿಸದೆ ಬೀದಿಯಲ್ಲೇ ನಿಲ್ಲಿಸುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಅದನ್ನು ನೋಡಿಯೇ ನಾನು ಹೂಂ ಅಂದದ್ದು. ಒಂದು ದಿನ ಶಶಿಯೇ ಹೊರಗೆ ಹೋಗಿ, "ಮಳಿ ಬರತೈತಿ, ಒಳಗ ಹಚ್ರಿ" ಅಂದಳು. ಮದುವೆಯಾಗಿ ಈ ಮನೆಯಲ್ಲೇ ಉಳಿದರು. "ಸೊಸಿ ಗಂಡ ನಿಮಗೇನಾಗಬೇಕ್ರಿ?" ಎಂದು ಓಣಿಯವರು ಕೇಳಿದರೆ, "ಬಾಡಗಿ ಕೊಡಲಾರದ ಬಾಡಗಿದಾರ" ಎನ್ನುತ್ತಿದ್ದೆ. ಅವರಿಗೆ ಹುಟ್ಟಿದವಳು ಗೌರಿ. ರಕ್ತ ಲೆಕ್ಕ ಹಾಕಿದರೆ ನಾನು ಆಕೆಗೆ ಏನೂ ಅಲ್ಲ. ಕರೆದರೆ ಆಯಿ, ಅಜ್ಜಿ.

ಚಟ್ನಿಗೆ ಈಗ ಬಳ್ಳೊಳ್ಳಿ ಹಾಕುತ್ತೇವೆ. ಗೂಟ ಒಂದು ಇನ್ನೂ ಖಾಲಿ ಇದೆ.

ಇವತ್ತು ಮುಂಜಾನೆಯಿಂದ ಇದನ್ನೇ ಬರೆಯುತ್ತ ಕುಳಿತಿದ್ದೇನೆ. ಈಗ ಬಾಗಿಲಲ್ಲಿ ಶಶಿ ಬಂದು ನಿಂತಳು, ಕೈಯೆಲ್ಲ ಹಿಟ್ಟು, ಮುಖದಲ್ಲಿ ಸಿಟ್ಟು. ನಾನು ಸುಮ್ಮನಿರುವವಳೇ? ಕನ್ನಡಕ ಏರಿಸಿಕೊಂಡು ಕೇಳಿದೆ:

"ಶಶಿ, ಒಂದ ಕೇಳ್ತೇನಿ. ನಿನಗ ಸಿಂದಗ್ಯಾಗ ಗಟ್ಟಿಮುಟ್ಟಾದ ಬ್ಯಾರೆ ಅತ್ತಿ ಅದಾಳ. ನಿಮ್ಮ ಗಿರಣಿ ರೀತಿ ಹಿಡದ್ರ, ನನಗಿಟ್ಟ 'ಅತ್ತಿ' ಅನ್ನೂ ಹೆಸರ ಆವಾಗನ ತಗದು ವಿಷ ಹಾಕಬೇಕಿತ್ತಲ್ಲ ನೀ. ಯಾಕ ಬಿಟ್ಟಿ?"

ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ಅಂದಳು, "ತಗಿಯೂ ಮೊದಲ ಯಾರರ ಕರಿಯಾಕತ್ತಾರೇನು ಅಂತ ನೋಡಬೇಕ್ರಿ. ಆಗಿಂದ ಅತ್ತಿ, ಅತ್ತಿ ಅಂತ ಒಳಗಿಂದ ಒದರಾಕತ್ತೇನಿ, ರೊಟ್ಟಿ ಆರಿ ಹಪ್ಪಳ ಆಗ್ಯಾವು. ಮೊದಲ ಏಳ್ರಿ ಮ್ಯಾಲ!"